ಗಣಿತದ ಪುಸ್ತಕ ಹಂಚುವ ಮುನ್ನ: ಮುಂಬಯಿಯ ಕನ್ನಡ ಸಂಘಗಳ ವಿದ್ಯಾನಿಧಿ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೂ ವಿದ್ಯಾನಿಧಿ ಸಮಿತಿಯ ಸದಸ್ಯರಿಗೂ ನಮಸ್ಕಾರಗಳು.

ಪದವಿ ತರಗತಿಗಳಲ್ಲಿ ಓದುವ ಕನ್ನಡಿಗರ ಮಕ್ಕಳಿಗೆ ಪ್ರತಿ ಜೂನ್ ತಿಂಗಳಲ್ಲಿ ನೀವು ಉಚಿತವಾಗಿ ಹಂಚುವ ಗಣಿತದ ಪುಸ್ತಕಗಳ ಕುರಿತು ಈ ಪತ್ರ. ನಾನು ಮುಂಬಯಿ ಉಪನಗರದ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕಿ, ನಿಮ್ಮಲ್ಲೇ ಒಂದು ಸಂಘದ ಆಜೀವ ಸದಸ್ಯೆ. ಸಂಘದ ಹೆಸರು ಬರೆಯುತ್ತಿಲ್ಲ. ಬರೆದರೆ ಉಳಿದವರು ಇದು ತಮ್ಮ ಮಾತಲ್ಲ ಎಂದು ಪುಟ ತಿರುವಿಬಿಡುತ್ತಾರೆ. ಮಾಟುಂಗದಿಂದ ಡೊಂಬಿವಲಿಯವರೆಗೆ ಬೇರೆ ಬೇರೆ ಸಂಘಗಳ ಮೊಹರು ಬಿದ್ದ ಪುಸ್ತಕ ಹಿಡಿದು ನನ್ನ ಬಳಿ ಬರುವ ವಿದ್ಯಾರ್ಥಿಗಳ ಗೋಳು ಮಾತ್ರ ಒಂದೇ ಬಗೆಯದು. ಸಮಿತಿಗೆ ಹಿಂದೆ ಖಾಸಗಿಯಾಗಿ ಬರೆದಾಗ 'ಸೂಚನೆಯನ್ನು ಗಮನಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂದಿತ್ತು. ಆದ್ದರಿಂದ ಈ ಬಾರಿ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆಯನ್ನು ನೀವು ನೆನೆಯಬಹುದು. ನೆನೆಯಿರಿ. ಹಿತ್ತಲಿಗೆ ಹೋಗದೆ ನಿಮ್ಮ ಮುಂದೆಯೇ ಮೊಳ ಹಾಕುತ್ತಿದ್ದೇನೆ. ದಟ್ಟಿ ಉಡಬೇಕಾದವರಿಗೆ ಸಾಲುತ್ತಿಲ್ಲ ಎಂದಾಗ ಯಾರಾದರೂ ಅಳೆಯಲೇಬೇಕಲ್ಲ.

ಈ ವರ್ಷ ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಮೊದಲು ಮಹಾನಗರ ಪಾಲಿಕೆಯ ಶಾಲೆ, ಆಮೇಲೆ ರಾತ್ರಿ ಶಾಲೆ ಎಂದು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ, ಈಗ ಎಫ್‌ವೈ (ಮೊದಲ ವರ್ಷದ) ಬಿಎಸ್ಸಿ ಸೇರಿರುವ ಒಬ್ಬ ಹುಡುಗಿಗೆ ವಾಲ್ಟರ್ ರೂಡಿನ್ ಅವರ 'ಪ್ರಿನ್ಸಿಪಲ್ಸ್ ಆಫ್ ಮ್ಯಾಥಮ್ಯಾಟಿಕಲ್ ಅನಾಲಿಸಿಸ್' ಸಿಕ್ಕಿತು. ಡಿಪ್ಲೊಮಾ ಮುಗಿಸಿ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಿದ ಹುಡುಗನಿಗೂ ಅದೇ ಪುಸ್ತಕ. ಬಿಕಾಂ ಓದುವವಳಿಗೂ ಅದೇ. ಎಂಎಸ್ಸಿ ಮೊದಲ ವರ್ಷದ ಒಬ್ಬನಿಗೆ ಮಾತ್ರ, ರೂಡಿನ್ ಮುಗಿದುಹೋಗಿದ್ದ ಕಾರಣ, ಪದವಿಯ ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಗೈಡ್ ಕೊಟ್ಟಿರಿ. ಅದನ್ನು ಓದಿ ಪಾಸಾಗಿಯೇ ಅವನು ಎಂಎಸ್ಸಿಗೆ ಬಂದಿದ್ದಾನೆ. ಹಾಗೆ ನೋಡಿದರೆ ಇಡೀ ಗುಂಪಿನಲ್ಲಿ ರೂಡಿನ್ ಓದಬಲ್ಲವನು ಅವನೊಬ್ಬನೇ.

ಇದು ಹೇಗಾಯಿತು ಎಂದು ವಿಚಾರಿಸಿದೆ. ಯಾರದೂ ದುರುದ್ದೇಶವಿಲ್ಲ. ನಿಮ್ಮ ಅರ್ಜಿಯ ನಮೂನೆಯಲ್ಲಿ ಹೆಸರು, ಊರು, ತಂದೆಯ ಉದ್ಯೋಗ, ಕಾಲೇಜು, ವಿಷಯ ಎಂಬ ಅಂಕಣಗಳಿವೆ. ವಿಷಯದ ಅಂಕಣದಲ್ಲಿ ಎಲ್ಲರೂ 'ಗಣಿತ' ಎಂದು ಬರೆದರು. ಯಾವ ಕೋರ್ಸು, ಎಷ್ಟನೆಯ ವರ್ಷ ಎಂದು ಕೇಳುವ ಅಂಕಣವೇ ಇಲ್ಲ. ತಂದೆಯ ಊರನ್ನು ತಾಲೂಕು ಸಮೇತ ಕೇಳುವ ನಾವು ಮಗಳು ಯಾವ ತರಗತಿಯಲ್ಲಿದ್ದಾಳೆ ಎಂದು ಕೇಳುವುದಿಲ್ಲ. ಆಮೇಲೆ ಸಮಿತಿಯ ಹಿರಿಯರೊಬ್ಬರ ಮಗ, ಐಐಟಿಯಲ್ಲಿ ಕಲಿತವನು, 'ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ' ಎಂದನಂತೆ. ಅಂಗಡಿಯವರು ಒಂದೇ ಪುಸ್ತಕದ ಹೆಚ್ಚು ಪ್ರತಿ ಕೊಂಡರೆ ಹೆಚ್ಚು ರಿಯಾಯಿತಿ ಎಂದರು. ಅಲ್ಲಿಗೆ ಆಯ್ಕೆ ಮುಗಿಯಿತು.

ಐಐಟಿಯ ಆ ಹುಡುಗ ಹೇಳಿದ್ದು ಸುಳ್ಳಲ್ಲ. ರೂಡಿನ್ ಪುಸ್ತಕ 1953ರಲ್ಲಿ ಮೊದಲು ಬಂದದ್ದು, ಈಗ ಎಲ್ಲರ ಕೈಯಲ್ಲಿರುವುದು 1976ರ ಮೂರನೆಯ ಆವೃತ್ತಿ. ಅಷ್ಟು ಬಿಗಿಯಾಗಿ, ಒಂದು ಪದವೂ ಹೆಚ್ಚಾಗದಂತೆ ಬರೆದ ಗಣಿತದ ಪುಸ್ತಕಗಳು ಕಡಿಮೆ. ಆದರೆ ಅದು ಯಾರಿಗೆ ಎಂದು ಲೇಖಕರೇ ಮುನ್ನುಡಿಯ ಆರಂಭದಲ್ಲಿ ಹೇಳಿಬಿಟ್ಟಿದ್ದಾರೆ: ಪದವಿಯ ಮೇಲಿನ ಹಂತದವರಿಗೆ, ಇಲ್ಲವೇ ಸ್ನಾತಕೋತ್ತರದ ಮೊದಲ ವರ್ಷದವರಿಗೆ. ಇನ್ನೊಂದು ಮಾತನ್ನೂ ಅಲ್ಲಿಯೇ ಹೇಳುತ್ತಾರೆ. ಭಾಗಲಬ್ಧ ಸಂಖ್ಯೆಗಳಿಂದ ವಾಸ್ತವ ಸಂಖ್ಯೆಗಳನ್ನು ಕಟ್ಟುವ ಕೆಲಸದಿಂದಲೇ ಪಾಠ ಶುರು ಮಾಡುವುದು ತರ್ಕಕ್ಕೆ ಸರಿ, ಕಲಿಸುವುದಕ್ಕೆ ಸರಿಯಲ್ಲ ಎಂದು ಅನುಭವದಿಂದ ತಿಳಿಯಿತು ಎಂದು ಹೇಳಿ, ಆ ಭಾಗವನ್ನು ಮೂರನೆಯ ಆವೃತ್ತಿಯಲ್ಲಿ ಮೊದಲನೆಯ ಅಧ್ಯಾಯದ ಅನುಬಂಧಕ್ಕೆ ಸರಿಸಿದ್ದಾರೆ. ಓದುಗನ ಸ್ಥಿತಿ ನೋಡಿ ರೂಡಿನ್ ಅವರೇ ತಮ್ಮ ಪುಸ್ತಕದ ಕ್ರಮವನ್ನು ಬದಲಿಸಿಕೊಂಡರು. ಆ ಮುನ್ನುಡಿಯನ್ನು ಸಮಿತಿಯಲ್ಲಿ ಯಾರಾದರೂ ತೆರೆದು ನೋಡಿದ್ದರೆ ಸಾಕಿತ್ತು.

ಆ ಹುಡುಗಿಯ ಸ್ಥಿತಿಯನ್ನು ಯೋಚಿಸಿ. ಹತ್ತನೆಯ ತರಗತಿಯವರೆಗೆ ಅವಳು ಓದಿದ್ದು ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿದ ಗಣಿತ. ಹನ್ನೊಂದನೆಯ ತರಗತಿಯಲ್ಲಿ ಏಕಾಏಕಿ ಎಲ್ಲವೂ ಇಂಗ್ಲಿಷ್. ಹನ್ನೆರಡು ಮುಗಿಯುವಷ್ಟರಲ್ಲಿ ಅವಕಲನದ (ಡಿಫರೆನ್ಸಿಯೇಷನ್) ಸೂತ್ರಗಳು ಕೈಗೆ ಬಂದಿವೆ, ಸಮಾಕಲನ (ಇಂಟಿಗ್ರೇಷನ್) ಅಭ್ಯಾಸವಾಗಿದೆ. ಆದರೆ 'ಸಾಧಿಸಿ' (ಪ್ರೂವ್) ಎಂದಾಗ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಅವಳ ಕೈಗೆ ಕೊಟ್ಟ ಪುಸ್ತಕದ ಎರಡನೆಯ ಅಧ್ಯಾಯದಲ್ಲೇ ಮೆಟ್ರಿಕ್ ಸ್ಪೇಸ್, ಕಾಂಪ್ಯಾಕ್ಟ್ ಗಣಗಳು. ಲೆಕ್ಕಗಳಿಗೆ ಹಿಂದೆ ಉತ್ತರವಿಲ್ಲ. ಅವಳು ಜಾಣೆ. ಆ ಪುಸ್ತಕ ತನಗೆ ಅರ್ಥವಾಗದ್ದಕ್ಕೆ ತನ್ನ ಕನ್ನಡ ಮಾಧ್ಯಮವೇ ಕಾರಣ ಎಂದು ತೀರ್ಮಾನಿಸಿ, ಗಣಿತ ಬಿಟ್ಟು ಬೇರೆ ವಿಷಯ ಹಿಡಿಯುವ ಯೋಚನೆಯಲ್ಲಿ ನನ್ನಲ್ಲಿಗೆ ಬಂದಿದ್ದಳು. ಕನ್ನಡ ಸಂಘ ಕೊಟ್ಟ ಉಡುಗೊರೆಯಿಂದ ಹುಟ್ಟಿದ ತೀರ್ಮಾನವಿದು. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಒಂದು ಪುಸ್ತಕ ಯಾವ ಹಂತದ್ದು ಎಂದು ತಿಳಿಯಲು ಗಣಿತಜ್ಞರೇ ಆಗಬೇಕಿಲ್ಲ. ಒಂದು ಪ್ರಮೇಯವನ್ನು ಹಿಡಿದು ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಿ. ಎರಡೂ ತುದಿಗಳನ್ನು ಒಳಗೊಂಡ ಅಂತರದಲ್ಲಿ ಎಲ್ಲಿಯೂ ತುಂಡಾಗದೆ ಸಾಗುವ ಫಲನ (ಫಂಕ್ಷನ್) ತನ್ನ ಗರಿಷ್ಠ ಬೆಲೆಯನ್ನು ಎಲ್ಲಾದರೂ ಒಂದು ಬಿಂದುವಿನಲ್ಲಿ ಮುಟ್ಟಿಯೇ ಮುಟ್ಟುತ್ತದೆ ಎಂಬ ಪ್ರಮೇಯವಿದೆ. ರೂಡಿನ್‌ನಲ್ಲಿ ಇದು ಕೆಲವೇ ಸಾಲು: ಕಾಂಪ್ಯಾಕ್ಟ್ ಗಣದ ಪ್ರತಿಬಿಂಬ ಕಾಂಪ್ಯಾಕ್ಟ್, ಆದ್ದರಿಂದ ಮುಗಿಯಿತು. ತಯಾರಾದವರಿಗೆ ಆ ಸಾಲುಗಳಲ್ಲಿ ಸಿಗುವ ಸುಖವೇ ಬೇರೆ. ಬಾರ್ಟಲ್ ಮತ್ತು ಶೆರ್ಬರ್ಟ್ ಬರೆದ 'ಇಂಟ್ರೊಡಕ್ಷನ್ ಟು ರಿಯಲ್ ಅನಾಲಿಸಿಸ್'ನಲ್ಲಿ ಅದೇ ಪ್ರಮೇಯ ನಿಧಾನವಾಗಿ ಬರುತ್ತದೆ. ಫಲನ ಮೊದಲು ಒಂದು ಮಿತಿಯೊಳಗೆ ಇರುತ್ತದೆ ಎಂದು ತೋರಿಸಿ, ಷರತ್ತುಗಳಲ್ಲಿ ಯಾವುದನ್ನು ಕೈಬಿಟ್ಟರೂ ಏನು ಕೆಡುತ್ತದೆ ಎಂದು ಉದಾಹರಣೆ ಕೊಟ್ಟು, ಆಮೇಲೆ ಗರಿಷ್ಠದ ಮಾತಿಗೆ ಬರುತ್ತಾರೆ. 0 ಮತ್ತು 1ರ ನಡುವೆ, ತುದಿಗಳನ್ನು ಬಿಟ್ಟು, 1/x ಅನ್ನು ನೋಡಿದರೆ ಅದು 0ಯ ಹತ್ತಿರ ಏರುತ್ತಲೇ ಹೋಗುತ್ತದೆ, ಗರಿಷ್ಠ ಎಂಬುದೇ ಸಿಗುವುದಿಲ್ಲ. ಇದನ್ನು ಒಮ್ಮೆ ಚಿತ್ರ ಬರೆದು ನೋಡಿದ ವಿದ್ಯಾರ್ಥಿ 'ಎರಡೂ ತುದಿಗಳನ್ನು ಒಳಗೊಂಡ' ಎಂಬ ಷರತ್ತನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆ ಪುಸ್ತಕದ ಕೊನೆಯಲ್ಲಿ ತರ್ಕ ಮತ್ತು ಸಾಧನೆಯ ರೀತಿಗಳ ಬಗ್ಗೆ ಒಂದು ಅನುಬಂಧವೂ, ಆಯ್ದ ಲೆಕ್ಕಗಳಿಗೆ ಸುಳಿವುಗಳೂ ಇವೆ. ಒಂದು ಕೋಣೆಯ ಮನೆಯಲ್ಲಿ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದೆ ಓದುವ ಮಕ್ಕಳಿಗೆ ಸುಳಿವು ಬೇಕೇ ಬೇಕು.

ನಮ್ಮ ಊರಿನದೇ ಪುಸ್ತಕವೂ ಇದೆ. ಪೊವಾಯಿಯ ಐಐಟಿಯಲ್ಲಿ ಕಲಿಸಿದ ಸುಧೀರ್ ಘೋರ್ಪಡೆ ಮತ್ತು ಬಾಲಮೋಹನ ಲಿಮಯೆ ಅವರ 'ಎ ಕೋರ್ಸ್ ಇನ್ ಕ್ಯಾಲ್ಕುಲಸ್ ಅಂಡ್ ರಿಯಲ್ ಅನಾಲಿಸಿಸ್' 2006ರಲ್ಲಿ ಬಂತು. ಹನ್ನೆರಡನೆಯ ತರಗತಿಯ ಸೂತ್ರಗಳಿಗೂ ಪದವಿಯ ಸಾಧನೆಗಳಿಗೂ ನಡುವಿನ ಕಂದಕವನ್ನು ದಾಟಿಸುವ ಪುಸ್ತಕ ಎಂದರೆ ನನ್ನ ಮಟ್ಟಿಗೆ ಇದು. ಆದರೆ ಇದನ್ನೂ ಎಫ್‌ವೈಯ ಮೊದಲ ತಿಂಗಳಲ್ಲಿ ಕೊಡುವುದು ಬೇಡ. ಅಲ್ಲಿಗೆ ಥಾಮಸ್ ಅಥವಾ ಸ್ಟುವರ್ಟ್ ಅವರ ಕ್ಯಾಲ್ಕುಲಸ್, ಚಿತ್ರಗಳೂ ಲೆಕ್ಕಗಳೂ ತುಂಬಿರುವಂಥದ್ದು, ಸಾಕು. ಅದಕ್ಕೆ ಹೊಸ ಆವೃತ್ತಿಯೇ ಆಗಬೇಕೆಂದಿಲ್ಲ. ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್‌ನಲ್ಲಿ ಸಿಗುವ ಹಳೆಯ ಪ್ರತಿಯಲ್ಲೂ ಅವಕಲನದ ನಿಯಮಗಳು ಅವೇ. ಹಳೆಯ ಆವೃತ್ತಿಯಲ್ಲಿ ಲೆಕ್ಕಗಳ ಸಂಖ್ಯೆ ಹಿಂದೆಮುಂದೆ ಆಗಿರುತ್ತದೆ ಎಂಬುದೊಂದೇ ತೊಡಕು. ಕಾಲೇಜಿನಲ್ಲಿ 'ಇಷ್ಟನೆಯ ಲೆಕ್ಕ ಮಾಡಿ ತನ್ನಿ' ಎಂದಾಗ ಎಚ್ಚರವಿರಬೇಕು, ಅಷ್ಟೆ.

ಲೀನಿಯರ್ ಆಲ್ಜಿಬ್ರಾ ನೋಡಿ. ಎಂಜಿನಿಯರಿಂಗ್, ಬಿಎಸ್ಸಿ, ಎಂಎಸ್ಸಿ, ಡೇಟಾ ಸೈನ್ಸ್ ಎಲ್ಲರಿಗೂ ಬೇಕಾದ ವಿಷಯ. ಆದರೆ ಮ್ಯಾಟ್ರಿಕ್ಸ್ ಹಿಡಿದು ಕೆಲಸ ಮಾಡಬೇಕಾದವರಿಗೆ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪುಸ್ತಕ ಒಗ್ಗುತ್ತದೆ. ಅವರ ಎಂಐಟಿ ಉಪನ್ಯಾಸಗಳು ಅಂತರ್ಜಾಲದಲ್ಲಿ ಉಚಿತವಾಗಿವೆ, ಇಂಗ್ಲಿಷ್ ಕೂಡ ಸರಳ. ಬಿಎಸ್ಸಿ ಎರಡನೆಯ ವರ್ಷಕ್ಕೆ ನಾನು ಕೊಡುವುದು ಎಸ್. ಕುಮರೇಶನ್ ಅವರ 'ಲೀನಿಯರ್ ಆಲ್ಜಿಬ್ರಾ: ಎ ಜಿಯೊಮೆಟ್ರಿಕ್ ಅಪ್ರೋಚ್'. ರೇಖೆ, ಸಮತಲ ಎಂದು ಕಣ್ಣಿಗೆ ಕಾಣುವುದರ ಮೂಲಕ ವಿಷಯಕ್ಕೆ ಕರೆದೊಯ್ಯುವ ಪುಸ್ತಕ, ಬೆಲೆಯೂ ಕೈಗೆಟುಕುವಂಥದ್ದು. ಹಾಫ್‌ಮನ್ ಮತ್ತು ಕುಂಝೆ ತಮ್ಮ ಪುಸ್ತಕದ ಮೊದಲ ಅಧ್ಯಾಯದ ಮೊದಲ ವಿಭಾಗದಲ್ಲೇ 'ಫೀಲ್ಡ್' ಎಂಬ ಅಮೂರ್ತ ಕಲ್ಪನೆಯನ್ನು ಮುಂದಿಡುತ್ತಾರೆ. ಅದು ಟಿವೈ (ಮೂರನೆಯ ವರ್ಷ) ದಾಟಿದವರಿಗೆ, ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಕೂರುವವರಿಗೆ. ಡಿಟರ್ಮಿನೆಂಟ್ ಅನ್ನು ಪುಸ್ತಕದ ಕೊನೆಗೆ ತಳ್ಳಿದ ಶೆಲ್ಡನ್ ಆಕ್ಸ್ಲರ್ ತಮ್ಮ ಪುಸ್ತಕದ ನಾಲ್ಕನೆಯ ಆವೃತ್ತಿಯನ್ನು ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕೊಳ್ಳುವುದೇ ಬೇಡ. ದಾನಿಗಳ ದುಡ್ಡು ಉಳಿಯುತ್ತದೆ.

ಡಿಪ್ಲೊಮಾದಿಂದ ಬಂದ ಆ ಹುಡುಗನ ಪಾಡು ಬೇರೆ. ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರು ಮೊದಲ ವರ್ಷದ ಗಣಿತದ ಎಂ-1, ಎಂ-2 ಪಾಠಗಳನ್ನು ಕೇಳಿರುವುದೇ ಇಲ್ಲ. ಬಂದ ತಕ್ಷಣ ಎದುರಾಗುವುದು ಎಂ-3: ಲಾಪ್ಲಾಸ್ ಪರಿವರ್ತನೆ, ಫೂರಿಯೆ ಶ್ರೇಣಿ. ಎಂಜಿನಿಯರಿಂಗ್ ಗಣಿತವೆಂದರೆ ಕ್ರೈಝಿಗ್ ಎಂದು ಯಾರಾದರೂ ಹೇಳಿದರೆ ಸಮಿತಿ ಮುಂದಿನ ವರ್ಷ ಅದನ್ನು ಕೊಳ್ಳಬಹುದು ಎಂಬ ಭಯದಿಂದ ಈಗಲೇ ಹೇಳಿಬಿಡುತ್ತೇನೆ. ಏಳು ಭಾಗಗಳ, ಸಾವಿರ ಪುಟ ದಾಟಿದ ಆ ಪುಸ್ತಕ ನಿಜಕ್ಕೂ ಒಳ್ಳೆಯದು, ಆದರೆ ಓದುಗನಿಗೆ ಕ್ಯಾಲ್ಕುಲಸ್ ಬರುತ್ತದೆ ಎಂದುಕೊಂಡು ಬರೆದದ್ದು. ಲಾಪ್ಲಾಸ್ ಲೆಕ್ಕದಲ್ಲಿ ಹುಡುಗರು ಸೋಲುವುದು ಲಾಪ್ಲಾಸ್‌ನಲ್ಲಿ ಅಲ್ಲ. ಆಂಶಿಕ ಭಿನ್ನರಾಶಿಗಳಲ್ಲಿ, ಭಾಗಶಃ ಸಮಾಕಲನದಲ್ಲಿ. ಅವರ ಎಟಿಕೆಟಿಗಳ (ಪಾಸಾಗದೆ ಉಳಿದ ಪತ್ರಿಕೆಗಳ) ಬೇರು ಅಲ್ಲಿದೆ. ಅವನಿಗೆ ಬೇಕಾದದ್ದು ಆ ಎರಡು ಮೂರು ಅಧ್ಯಾಯಗಳನ್ನು ಬಿಡಿಸಿದ ಲೆಕ್ಕಗಳೊಡನೆ ತಿದ್ದಿಸುವ ಒಂದು ತೆಳ್ಳನೆಯ ಪುಸ್ತಕ. ಅದು ಇಲ್ಲದೆ ಸಾವಿರ ಪುಟ ಕೊಟ್ಟರೆ ಲೋಕಲ್‌ನಲ್ಲಿ ಹೊತ್ತು ತಿರುಗುವ ಭಾರ ಮಾತ್ರ ಅವನ ಪಾಲಿಗೆ.

ಬಿಕಾಂನವರ ವಿಷಯ ಸುಲಭ. ಬಡ್ಡಿ, ವರ್ಷಾಸನ, ಸರಾಸರಿ, ಸಹಸಂಬಂಧ ಇಷ್ಟಕ್ಕೆ ಅವರ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಹೊಂದುವ ಯಾವುದಾದರೂ ಪುಸ್ತಕ ಸಾಕು. ಪಠ್ಯಕ್ರಮ ಆ ವರ್ಷದ್ದೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಕಾಲೇಜುಗಳಲ್ಲಿ ವಿಷಯಗಳ ಜೋಡಣೆಯೇ ಬದಲಾಗುತ್ತಿದೆ. ಅರ್ಥಶಾಸ್ತ್ರವನ್ನು ಮುಖ್ಯವಾಗಿ ಓದುತ್ತ ಗಣಿತವನ್ನು ಮೈನರ್ ಆಗಿ ಹಿಡಿದವರೂ ಬರುತ್ತಾರೆ. ಅವರ ಅರ್ಜಿಯಲ್ಲೂ 'ಗಣಿತ' ಎಂದೇ ಇರುತ್ತದೆ.

ಇಲ್ಲಿ ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಒಪ್ಪಿಗೆಯಾಗದ ಮಾತೊಂದನ್ನು ಹೇಳಬೇಕು. ಬಿಡಿಸಿದ ಲೆಕ್ಕಗಳ ಪುಸ್ತಕಗಳನ್ನು, ಶಾಂತಿನಾರಾಯಣರಂಥ ಹಳೆಯ ಭಾರತೀಯ ಲೇಖಕರನ್ನು, ಮೂಗು ಮುರಿದು ದೂರ ಇಡುವುದು ನಮ್ಮಲ್ಲೊಂದು ಚಾಳಿ. ಇಂಗ್ಲಿಷ್ ಹೊಸದಾಗಿರುವ ವಿದ್ಯಾರ್ಥಿಗೆ ಉದ್ದುದ್ದ ಹರಟುವ ವಿದೇಶಿ ಪುಸ್ತಕಕ್ಕಿಂತ, ನಾಲ್ಕು ಸಾಲಿನ ವಿವರಣೆ ಕೊಟ್ಟು ಹತ್ತು ಲೆಕ್ಕ ಬಿಡಿಸಿ ತೋರಿಸುವ ಪುಸ್ತಕ ಮೊದಲ ಆರು ತಿಂಗಳು ಎಷ್ಟೋ ವಾಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಟಿವೈಗೆ ಬಂದ ಮೇಲೂ ಅದೊಂದೇ ಕೈಯಲ್ಲಿದ್ದರೆ ಗ್ರೂಪ್ ಥಿಯರಿಯ ಪತ್ರಿಕೆಯಲ್ಲಿ ಕಂಠಪಾಠ ಒಪ್ಪಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಆ ಹೊತ್ತಿಗೆ ಗ್ಯಾಲಿಯನ್ ಅವರ ಆಲ್ಜಿಬ್ರಾ ಪುಸ್ತಕ ಬೇಕು. ಉದಾಹರಣೆಗಳು ಧಾರಾಳ, ಅಧ್ಯಾಯಗಳ ಕೊನೆಯಲ್ಲಿ ಗಣಿತಜ್ಞರ ಬದುಕಿನ ಕಥೆಗಳೂ ಉಂಟು. ನಕ್ಷತ್ರ ಗುರುತಿನ ಕಠಿಣ ಲೆಕ್ಕಗಳಿಗೆ ಹೆಸರಾದ ಹೆರ್‌ಸ್ಟೈನ್ ಅವರ ಪುಸ್ತಕ ಆಮೇಲೆ.

ಹಂತ ನೋಡಿ ಬರೆಯುವುದು, ಕೊಡುವುದು ಕನ್ನಡಕ್ಕೆ ಹೊಸತೇನಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಎಲ್ಲವನ್ನೂ ಒಂದೇ ಗ್ರಂಥಕ್ಕೆ ತುರುಕಲಿಲ್ಲ. ವ್ಯವಹಾರಗಣಿತ ಬೇರೆ ಮಾಡಿದ, ಕ್ಷೇತ್ರಗಣಿತ ಬೇರೆ ಮಾಡಿದ.

ಹಾಗಾದರೆ ಸಮಿತಿ ಏನು ಮಾಡಬೇಕು? ಮೊದಲಿಗೆ ಅರ್ಜಿಯ ನಮೂನೆ ಬದಲಾಗಲಿ. ಯಾವ ಕೋರ್ಸು, ಎಷ್ಟನೆಯ ಸೆಮಿಸ್ಟರ್, ಹತ್ತನೆಯ ತರಗತಿಯವರೆಗೆ ಯಾವ ಮಾಧ್ಯಮ, ಈಗಾಗಲೇ ಕೈಯಲ್ಲಿ ಯಾವ ಪುಸ್ತಕವಿದೆ, ಯಾವ ಅಧ್ಯಾಯದಲ್ಲಿ ತೊಡಕು ಎಂದು ಕೇಳಿ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬರುವ ಉತ್ತರ ಓದಿದರೆ ಪುಸ್ತಕದ ಆಯ್ಕೆ ಅರ್ಧ ಮುಗಿದಂತೆ. ಪಠ್ಯಕ್ರಮದ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಲು ಹೇಳಿ; ಆಧಾರ್ ಕಾರ್ಡಿನ ಪ್ರತಿ ಕೇಳುವ ನಮಗೆ ಇದು ಹೆಚ್ಚಿನ ಕೆಲಸವಲ್ಲ.

ಎರಡನೆಯದಾಗಿ, ಒಬ್ಬರಿಗೆ ಒಂದು ದಪ್ಪ ಪುಸ್ತಕದ ಬದಲು ಎರಡು ತೆಳು ಪುಸ್ತಕ ಕೊಡಲು ಸಾಧ್ಯವೇ ನೋಡಿ. ಒಂದು ಅವರು ಈಗ ನಿಂತ ಮೆಟ್ಟಿಲಿಗೆ, ಇನ್ನೊಂದು ಮುಂದಿನ ಮೆಟ್ಟಿಲಿಗೆ. ರೂಡಿನ್, ಮನ್‌ಕ್ರೆಸ್, ಆರ್ಟಿನ್ ಮುಂತಾದವರ ಮೇಲಿನ ಹಂತದ ಪುಸ್ತಕಗಳನ್ನು ಹಂಚಬೇಡಿ. ತಲಾ ಒಂದೆರಡು ಪ್ರತಿ ಕೊಂಡು ಸಂಘದ ಗ್ರಂಥಾಲಯದಲ್ಲಿ ಇಡಿ. ಕಾದಂಬರಿಗಳ ಸಾಲಿನ ಪಕ್ಕದಲ್ಲಿ ಬೀಗ ಬೀಳದ ಒಂದು ಕಪಾಟು ಸಾಕು. ಎಂಎಸ್ಸಿಯವರು, ಎಂಎಸ್ಸಿ ಪ್ರವೇಶದ ಜೆಎಎಂ, ಅಧ್ಯಾಪಕ ಹುದ್ದೆಯ ಅರ್ಹತೆಯ ನೆಟ್ ಪರೀಕ್ಷೆಗೆ ಓದುವವರು ಅಲ್ಲಿಗೆ ಬಂದು ಓದಲಿ. ಅವರು ಬಂದಾಗ ಎಫ್‌ವೈಯ ಮಕ್ಕಳೂ ಪಕ್ಕದಲ್ಲಿ ಕುಳಿತಿದ್ದರೆ ಕೇಳಿಕೊಳ್ಳಲು ಒಬ್ಬರು ಸಿಗುತ್ತಾರೆ. ಈ ಬಾರಿ ಹಂಚಿದ ರೂಡಿನ್ ಪ್ರತಿಗಳನ್ನು ವಾಪಸು ಕೇಳಿ ಪಡೆಯಿರಿ. ಅದರಲ್ಲಿ ಒಂದನ್ನು ಕ್ಯಾಲ್ಕುಲಸ್ ಗೈಡ್ ಸಿಕ್ಕಿದ ಆ ಎಂಎಸ್ಸಿ ಹುಡುಗನಿಗೆ ಕೊಡಿ, ಗೈಡನ್ನು ಬೇಕಾದವರಿಗೆ ದಾಟಿಸಿ.

ರಿಯಾಯಿತಿಯ ಮಾತು ಬರುತ್ತದೆ, ಗೊತ್ತು. ಬೇರೆ ಬೇರೆ ಪುಸ್ತಕ ಕೊಂಡರೆ ಅಂಗಡಿಯವರು ಕಡಿಮೆ ಬಿಡುತ್ತಾರೆ. ಬಿಡಲಿ. ಓದದೆ ರದ್ದಿಗೆ ಹೋಗುವ ಪುಸ್ತಕಕ್ಕೆ ಎಷ್ಟು ರಿಯಾಯಿತಿ ಸಿಕ್ಕಿದರೇನು? ವೇದಿಕೆಯ ಮೇಲೆ ಒಂದೇ ಬಗೆಯ ಹೊಸ ಪುಸ್ತಕಗಳ ರಾಶಿ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆ, ದಾನಿಗಳಿಗೆ ಸಮಾಧಾನವಾಗುತ್ತದೆ ಎಂದು ಒಬ್ಬರು ಹೇಳಿದರು. ನಮ್ಮ ದಾನಿಗಳನ್ನು ಅಷ್ಟು ಹಗುರವಾಗಿ ಕಾಣಬೇಡಿ. ಅವರಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಎಷ್ಟೋ ಮಂದಿ. ಅರ್ಥವಾಗದ ಪುಸ್ತಕದ ಮುಂದೆ ನಿದ್ದೆಗೆಟ್ಟು ಕೂರುವುದು ಏನೆಂದು ಅವರಿಗೆ ನಾನೂ ನೀವೂ ಹೇಳಿಕೊಡಬೇಕಾಗಿಲ್ಲ. ಕಾರಣ ವಿವರಿಸಿ ಕೇಳಿದರೆ, ಫುಟ್‌ಪಾತಿನಿಂದ ತಂದ ಹಳೆಯ ಪ್ರತಿಗೂ ಅವರು ಸಂತೋಷದಿಂದ ದುಡ್ಡು ಕೊಡುತ್ತಾರೆ.

ಸಲಹೆಗಾರರಾಗಿ ದೊಡ್ಡ ಹೆಸರಿನವರನ್ನು ಹುಡುಕುವುದೂ ಬೇಡ. ಅದೇ ಕೋರ್ಸನ್ನು ಕಳೆದ ವರ್ಷ ಮುಗಿಸಿದ, ಸಾಧಾರಣ ಅಂಕ ಪಡೆದ ಇಬ್ಬರನ್ನು ಕರೆದು ಕೂರಿಸಿಕೊಳ್ಳಿ. ಮೊದಲ ರ‍್ಯಾಂಕಿನವರಿಗೆ ಯಾವ ಪುಸ್ತಕವಾದರೂ ಸರಿಹೋಗುತ್ತದೆ. ಒದ್ದಾಡಿ ಪಾಸಾದವರಿಗೆ ಮಾತ್ರ ಯಾವ ಪುಟದಲ್ಲಿ ಕೈ ಹಿಡಿದವರು ಯಾರು, ಕೈ ಬಿಟ್ಟವರು ಯಾರು ಎಂಬುದು ನೆನಪಿರುತ್ತದೆ.

ಖರೀದಿಯ ಪಟ್ಟಿ ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಅಂತಿಮವಾಗುತ್ತದೆ. ಮಾರ್ಚ್ ಮುಗಿಯುವುದರೊಳಗೆ ಹೊಸ ನಮೂನೆಯ ಅರ್ಜಿಗಳು ಕೈಸೇರಿದರೆ, ಅವನ್ನು ಓದಿ ಪಟ್ಟಿ ಮಾಡಿಕೊಡಲು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಬರುತ್ತೇವೆ. ಗೌರವಧನ, ಶಾಲು ಯಾವುದೂ ಬೇಡ. ಸಭೆಯ ದಿನ ತಿಳಿಸಿ. ಭಾನುವಾರವೇ ಆಗಬೇಕೆಂದಿದ್ದರೆ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿದೆ ಎಂದು ನೋಡಿಕೊಂಡು ಸಮಯ ಇಡಿ.

ಇಂತಿ ತಮ್ಮ ವಿಶ್ವಾಸಿ,
ಗಣಿತದ ಅಧ್ಯಾಪಕಿ ಹಾಗೂ ಸಂಘದ ಆಜೀವ ಸದಸ್ಯೆ,
ಮುಂಬಯಿ